ಮಾಮಿ ಎಳೆದ ಗೆರೆ

ಮನೆಗೆ ಬಣ್ಣ ಹೊಡೆಸುವುದೆಂದರೆ ನನಗೆ ಮೊದಲಿನಿಂದಲೂ ತಲೆನೋವು. ಈ ಸಲದ ತಲೆನೋವಿನ ಕಾರಣ ಮಾತ್ರ ಬೇರೆ. ಪೇಂಟರ್ ಬಾಲ್ಕನಿಯಲ್ಲಿ ಕೂತು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನಾನು ಸಾರಿಗೆ ಇಂಗಿನ ಒಗ್ಗರಣೆ ಕೊಡುತ್ತಿದ್ದೆ. ಎರಡು ವಾಸನೆಗಳೂ ಅಡಿಗೆಮನೆಯ ಬಾಗಿಲಲ್ಲಿ ಸೇರಿಕೊಂಡವು... ನಾನು ಗ್ಯಾಸ್ ಆರಿಸಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಮುಂಬಯಿ ಕಡೆಯ ನೆರೂಲ್‌ನ ಈ ಮನೆ ಎಲ್ಲಿ ಹೋಯಿತೋ, ಡೊಂಬಿವಲಿಯ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿ, ಪಕ್ಕದ ಮನೆಯ ಅರ್ಧ ತೆರೆದ ಬಾಗಿಲು ಕಣ್ಣೆದುರು ಬಂತು. ಆ ಮನೆಯ ವಾಸನೆಯೇ ಇದು. ಟರ್ಪೆಂಟೈನ್ ಮತ್ತು ಇಂಗು.

ಅಲ್ಲಿ ಇದ್ದವರನ್ನು ನಾನು ಮಾಮ, ಮಾಮಿ ಎಂದು ಕರೆಯುತ್ತಿದ್ದೆ. ನೆಂಟರೇನಲ್ಲ. ಅವರು ಉಡುಪಿ ಕಡೆಯವರು, ನಾನು ದಾವಣಗೆರೆಯಿಂದ ಮದುವೆಯಾಗಿ ಬಂದವಳು. ಅವರ ಮನೆಮಾತು ತುಳು, ಕಾಲೇಜಿಗೆ ಹೋಗುವ ಮಗಳದು ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಮಾಮ, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಕೂತು ರೈಲು ಮಾಡತೊಡಗಿದ್ದರು. ಆಟಿಕೆ ಅಂದರೆ ಅವರಿಗೆ ಕೋಪ ಬರುತ್ತಿತ್ತು. ಮಾಡೆಲ್ ಎನ್ನಬೇಕು. ನಿಜವಾದ ಲೋಕಲ್ ಗಾಡಿಯನ್ನು ಎಂಬತ್ತೇಳರಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟೇ ಉದ್ದ, ಅಷ್ಟೇ ಅಗಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವತ್ತು ಊಟ ಸೇರುತ್ತಿರಲಿಲ್ಲ.

ಮುಂದಿನ ಕೋಣೆಯ ನಾಲ್ಕೂ ಗೋಡೆಗೆ ಹೆಗಲೆತ್ತರದಲ್ಲಿ ಒಂದು ಹಲಗೆ, ಅದರ ಮೇಲೆ ಹಳಿ. ಬಾಗಿಲಿನ ಜಾಗದಲ್ಲಿ ಹಲಗೆಗೆ ತಿರುಗಣಿ ಇತ್ತು. ಎತ್ತಿ ಒಳಗೆ ಹೋಗಬೇಕು, ಇಲ್ಲವೇ ತಲೆ ತಗ್ಗಿಸಬೇಕು. ಬಾಗಿಲು ತಟ್ಟಿದರೆ ಎಷ್ಟೋ ಸಲ ಒಳಗಿನಿಂದ ಮಾಮಿಯ ದನಿ ಬರುತ್ತಿತ್ತು: "ತಡಿ ಮಾರಾಯ್ತಿ, ಗಾಡಿ ಬರ್ತಾ ಉಂಟು!" ನಾನು ಕಾರಿಡಾರಿನಲ್ಲಿ ನಿಂತು ಗೇಣೆತ್ತರವೂ ಇಲ್ಲದ ರೈಲಿಗೆ ಕಾಯುತ್ತಿದ್ದೆ. ಆಫೀಸಿಗೆ ಹೋಗುವಾಗ ದೊಡ್ಡ ರೈಲಿಗೆ ಕಾಯುವುದು, ಬಂದ ಮೇಲೆ ಸಣ್ಣ ರೈಲಿಗೆ!

ಹೊರದೇಶದಿಂದ ಬರುವ ಮಾಡೆಲ್ ಚಕ್ರಗಳು ನಮ್ಮ ಅಗಲವಾದ ಹಳಿಯ ಅಳತೆಗೆ ಹೊಂದುವುದಿಲ್ಲವಂತೆ. ಅದಕ್ಕೆ ಮಾಮ ಚಕ್ರಗಳನ್ನೂ ತಾವೇ ಕಡೆಯುತ್ತಿದ್ದರು. ನಾಲ್ಕು ಚಕ್ರ ಕೂರಿಸಿದ ಪುಟ್ಟ ಚೌಕಟ್ಟಿಗೆ ಆ ಮನೆಯಲ್ಲಿ 'ಬೋಗಿ' ಎಂದು ಹೆಸರು. ಮೇಲಿನ ಪೆಟ್ಟಿಗೆ, ಅಂದರೆ ಜನ ಕೂರುವ ಭಾಗ, ಮುಂಬಯಿಯ ಎಲ್ಲರಿಗೂ ಇರುವಂತೆ ಅವರಿಗೂ 'ಡಬ್ಬಾ'. ಒಂದು ಡಬ್ಬಾಕ್ಕೆ ಕೆಳಗೆ ಎರಡು ಬೋಗಿ. ಡಬ್ಬಾ ತಾವೇ ಮಾಡಿಕೊಳ್ಳುವ ಹವ್ಯಾಸಿಗಳು ಪುಣೆಯಿಂದ, ಚೆನ್ನೈಯಿಂದ ಮಾಮನಿಗೆ ಬರೆದು ಬರೇ ಬೋಗಿ ತರಿಸಿಕೊಳ್ಳುವುದೂ ಇತ್ತು. ನಮ್ಮ ಊರ ಕಡೆ ಬೋಗಿ ಎಂದರೆ ಇಡೀ ಡಬ್ಬಾ. ಈ ಎರಡು ಬೋಗಿಗಳ ನಡುವೆ ನಾನು ಸಿಕ್ಕಿಕೊಂಡ ಕತೆಯೇ ಇದು. ಇವತ್ತಿಗೂ ಬಿಡಿಸಿಕೊಳ್ಳಲು ಆಗಿಲ್ಲ.

ಬಣ್ಣದ ಕೆಲಸ ಮಾಮಿಯದು. ಎರಡು ಬಣ್ಣ ಸೇರುವ ಕಡೆ ಡಬ್ಬಾದ ಉದ್ದಕ್ಕೂ ಒಂದು ತೆಳ್ಳಗಿನ ಗೆರೆ ಓಡುತ್ತದಲ್ಲ, ಅದನ್ನು ಬೇರೆಯವರು ಟೇಪ್ ಅಂಟಿಸಿ ಬಳಿಯುತ್ತಾರೆ. ಮಾಮಿ ಕುಂಚ ಹಿಡಿದು, ಉಸಿರು ಕಟ್ಟಿ, ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದುಬಿಡುತ್ತಿದ್ದರು. ಮಾಮ ಅದರ ಪಕ್ಕ ಸ್ಕೇಲ್ ಇಟ್ಟು ನೋಡಿ, ಏನೂ ಹೇಳದೆ ಸ್ಕೇಲ್ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಹೊಗಳಿಕೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ.

ಅಳತೆ ತರುವುದೂ ಮಾಮಿಯೇ. ಸ್ಟೇಷನ್‌ನಲ್ಲಿ ಟೇಪ್ ಹಿಡಿದು ನಿಂತ ಮಾಮನನ್ನು ಒಮ್ಮೆ ಪೊಲೀಸರು ಕರೆದುಕೊಂಡು ಹೋಗಿ ಮಧ್ಯಾಹ್ನದವರೆಗೆ ಕೂರಿಸಿದ್ದರು. ಆಮೇಲೆ ಮಾಮಿ ಲೇಡೀಸ್ ಡಬ್ಬಾದಲ್ಲಿ ಥಾಣೆಯವರೆಗೆ ಹೋಗಿಬರುತ್ತ ಸೀಟು, ಕಿಟಕಿ, ಬಾಗಿಲುಗಳನ್ನು ಗೇಣು ಹಾಕಿ ಅಳೆಯುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಎದುರಿನ ಹೆಂಗಸು "ಕಾಯ್ ಝಾಲಂ ಹೋ ಮಾವಶಿ?" ಏನಾಯಿತು ಎಂದು ಗಾಬರಿಯಾಗಿ ಕೇಳಿದಳು. "ಪಡದಾ ಶಿವಾಯ್‌ಚಾ ಆಹೇ," ಪರದೆ ಹೊಲಿಯಬೇಕು, ಎಂದರು ಮಾಮಿ ತಣ್ಣಗೆ. ಮಾಮಿಯ ಒಂದು ಗೇಣಿಗೆ ಎಷ್ಟು ಮಿಲಿಮೀಟರ್ ಎಂದು ಮಾಮ ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದರು.

ಎರಡು ಸಾವಿರದ ಐದೋ ಆರೋ ಇರಬೇಕು, ಒಂದು ಶನಿವಾರ ಬೆಳಿಗ್ಗೆ ಮಾಮಿ ನಮ್ಮ ಬಾಗಿಲಿಗೆ ಬಂದರು. ಮಾಮ ಸಾಮಾನು ತರಲು ಪೇಟೆಗೆ ಹೋಗಿದ್ದರು.

"ಒಂದೆರಡು ಗಂಟೆ ನಮ್ಮ ಮನೇಲಿ ಕೂತ್ಕೊಳ್ತೀಯಾ? ಫೋನ್ ಬಂದ್ರೆ ಬರ್ದಿಡು. ನಾನು ಥಾಣೆಯ ಕೋಪರಿಗೆ ಹೋಗಿ ಬರ್ತೇನೆ, ಕಣ್ಣಿನ ಡಾಕ್ಟ್ರ ಹತ್ರ. ಇವ್ರಿಗೆ ಹೇಳ್ಲಿಕ್ಕೆ ಹೋಗ್ಬೇಡ."

"ಯಾಕ್ ಮಾಮಿ, ಏನಾತು?"

"ಎಂಥದೂ ಇಲ್ಲ. ಗೆರೆಯ ತುದಿ ಕಾಣುದಿಲ್ಲ. ಗೊತ್ತಾದ್ರೆ ಕುಂಚ ಕಸ್ಕೊಂಡು ಬಿಡ್ತಾರೆ. ಆ ಮೇಲೆ ನಾನು ಈ ಮನೇಲಿ ಬರೀ ಅನ್ನ ಬೇಯಿಸ್ತಾ ಕೂರ್ಬೇಕು."

ಫೋನ್ ಬಂದೇ ಬಂತು. ವಿಠ್ಠಲವಾಡಿಯಿಂದ ಒಬ್ಬಾತ. ಮಾತು ಧಾರವಾಡ ಕಡೆಯದು, ಕೇಳಿ ನನಗೆ ಖುಷಿಯಾಯಿತು. "ನಮ್ಮ ಅಪ್ಪಾಜಿ ಲೋಕಲ್‌ದಾಗ ಗಾರ್ಡ್ ಅದಾರ್ರಿ. ಮೂರು ತಿಂಗಳಿಗೆ ರಿಟೈರ್ ಆಗ್ತಾರ. ಹನ್ನೆರಡು ಬೋಗಿ ಬೇಕ್ರಿ, ಪೂರಾ ಹನ್ನೆರಡು," ಎಂದ. ಆತ ಹೇಳಿದ್ದು ನನಗೆ ಸರಿಯಾಗಿಯೇ ಅರ್ಥವಾಯಿತು. ನಮ್ಮಿಬ್ಬರಿಗೂ ಬೋಗಿ ಎಂದರೆ ಒಂದೇ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದೆ: ಬೋಗಿ ಹನ್ನೆರಡು, ವಿಠ್ಠಲವಾಡಿ, ಮೂರು ತಿಂಗಳು. ಗಾರ್ಡ್ ಅಪ್ಪನ ಮಾತನ್ನು ಬರೆಯಲಿಲ್ಲ. ನಮ್ಮ ಮನೆಯ ಒಲೆಯ ಮೇಲೆ ಹಾಲಿತ್ತು, ಓಡಿದೆ. ಹಾಲು ಹೇಗೂ ಉಕ್ಕಿಹೋಗಿತ್ತು.

ಮಾಮಿ ಬಂದು ಆ ಚೀಟಿಯನ್ನು ತಮ್ಮ ಕೈಯಿಂದಲೇ ಆರ್ಡರ್ ಪುಸ್ತಕಕ್ಕೆ ಇಳಿಸಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆಯಂತೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲವಂತೆ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕಂತೆ. ನನ್ನ ಆಫೀಸು ಥಾಣೆಯಲ್ಲಿ. ಡ್ರಾಪ್ಸ್ ತರುವ ಕೆಲಸ ನನ್ನದಾಯಿತು. ಆ ಸಣ್ಣ ಬಾಟಲಿಯನ್ನು ಅವರು ಹುಣಸೆಹಣ್ಣಿನ ಡಬ್ಬಿಯ ಹಿಂದೆ ಅಡಗಿಸಿಡುತ್ತಿದ್ದರು.

ಮೂರು ತಿಂಗಳು ಮಾಮ ಚಕ್ರ ಕಡೆಯುವುದನ್ನು ನಾನು ನೋಡುತ್ತಲೇ ಇದ್ದೆ. ಯಾವಾಗಲೂ ಅದನ್ನೇ ಮಾಡುವ ಮನುಷ್ಯ, ಏನೂ ಅನ್ನಿಸಲಿಲ್ಲ. ಒಂದು ಭಾನುವಾರ ಮಂಡಕ್ಕಿ ಒಗ್ಗರಣೆಯ ಬಟ್ಟಲು ಹಿಡಿದುಕೊಂಡು ಅವರ ಮನೆಗೆ ಹೋದಾಗ ವಿಠ್ಠಲವಾಡಿಯವನು ಕೂತಿದ್ದ. ಮರುದಿನವೇ ಅವನ ಅಪ್ಪನ ಬೀಳ್ಕೊಡುಗೆ. ಮಾಮ ಹೆಮ್ಮೆಯಿಂದ ರಟ್ಟಿನ ಪೆಟ್ಟಿಗೆ ತೆರೆದರು. ಹತ್ತಿಯ ಮೇಲೆ ಸಾಲಾಗಿ ಹನ್ನೆರಡು ಬೋಗಿ, ಫಳಫಳ ಹೊಳೆಯುತ್ತಿದ್ದವು. ಆತ ಬಗ್ಗಿ ನೋಡಿದ. ಪೆಟ್ಟಿಗೆಯ ಕೆಳಗೆ ನೋಡಿದ.

"ಗಾಡಿ ಎಲ್ಲೈತ್ರಿ?"

ನನಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಗಿಹೋಯಿತು. ಮಾಮ ಪುಸ್ತಕ ತೆಗೆದು ನೋಡಿದರು. ಆತ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಮಾಮನ ಮುಖ ಕೆಂಪಾಯಿತು.

"ಈ ಫೋನ್ ಯಾರು ತಗೊಂಡದ್ದು?"

ನಾನು ಬಾಯಿ ತೆರೆದೆ. ತೆರೆದಿದ್ದೆ ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ... ಅಷ್ಟರಲ್ಲಿ ಮಾಮಿ, "ನಾನೇ," ಎಂದರು. ನನ್ನತ್ತ ತಿರುಗಿಯೂ ನೋಡಲಿಲ್ಲ.

"ಇಷ್ಟು ವರ್ಷ ಆಯ್ತು, ಬೋಗಿ ಯಾವುದು ಡಬ್ಬಾ ಯಾವುದು ಅಂತ ಗೊತ್ತಿಲ್ವಾ ನಿಂಗೆ? ತಲೆ ಎಲ್ಲಿ ಇಟ್ಟಿದ್ದಿ? ಇನ್ನು ಫೋನ್ ಮುಟ್ಬೇಡ. ಮಗಳು ನೋಡ್ಕೊಳ್ತಾಳೆ."

ಹೊರಗಿನವರ ಎದುರಿಗೆ ಹಾಗೆ ಅಂದುಬಿಟ್ಟರು. ನಾನು ನಿಜ ಹೇಳಿದ್ದರೆ ಮುಂದಿನ ಪ್ರಶ್ನೆ, ನೀನೆಲ್ಲಿಗೆ ಹೋಗಿದ್ದೆ ಎಂದು ಮಾಮಿಗೆ ಬರುತ್ತಿತ್ತು. ಕುಂಚ ಉಳಿಸಿಕೊಳ್ಳಲು ಮಾಮಿ ಫೋನ್ ಬಿಟ್ಟುಕೊಟ್ಟರು. ಅವರ ಗುಟ್ಟು ಕಾಯಲು ನಾನು ಸುಮ್ಮನಿದ್ದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಬೈಗಳು ನನಗೆ ಬೀಳಲಿಲ್ಲವಲ್ಲ ಎಂದು ಆ ಹೊತ್ತು ಎದೆ ಹಗುರವಾದದ್ದೂ ಸುಳ್ಳಲ್ಲ. ನಾಚಿಕೆಯಾಗುತ್ತದೆ.

ಆತ ತಲೆ ಮೇಲೆ ಕೈಹೊತ್ತು ಕೂತಿದ್ದ. "ನಾಳೆ ಅಪ್ಪಾಜಿಗೆ ಏನ್ ಕೊಡ್ಲಿ?" ಮಾಮಿ ಸ್ಟೂಲ್ ಹತ್ತಿ, ಹಲಗೆಯ ಮೇಲೆ ನಿಂತಿದ್ದ ಮನೆಯ ಗಾಡಿಯ ಕೊನೆಯ ಡಬ್ಬಾವನ್ನು ಬಿಡಿಸಿದರು. ಅವರು ಮೊದಲು ಬಣ್ಣ ಹಚ್ಚಿದ ಡಬ್ಬಾ ಅದು. ಸೆರಗಿನಿಂದ ಧೂಳು ಒರೆಸಿ ಅವನ ಕೈಗಿಟ್ಟರು. "ಗಾರ್ಡ್ ಕೂತ್ಕೊಳ್ಳುದು ಕೊನೇ ಡಬ್ಬಾದಲ್ಲಿ ಅಲ್ವಾ? ಇದು ನಿಮ್ಮ ಅಪ್ಪಂದೇ. ಕೊಡಿ." ಆತ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ.

ಮನೆಯ ಗಾಡಿಗೆ ಬಾಲ ಇಲ್ಲದಂತಾಯಿತು. ಅದಕ್ಕೆ ಇನ್ನೊಂದು ಡಬ್ಬಾ ಮಾಡಲು ಶುರು ಮಾಡಿದರು. ಮಾಮ ಕತ್ತರಿಸಿ ಕೂಡಿಸಿಕೊಟ್ಟರು, ಬಣ್ಣ ಮಾಮಿಯದು. ಗೆರೆ ಎಳೆಯುವ ದಿನ ನಾನು ಪಕ್ಕದಲ್ಲೇ ಇದ್ದೆ. ಕಿಟಕಿಯ ಬೆಳಕಿಗೆ ಹಿಡಿದರು, ದೀಪಕ್ಕೆ ಹಿಡಿದರು, ಎಡಗೈ ಬೆರಳಿನಿಂದ ಅಂಚನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಉಸಿರು ಕಟ್ಟಿದರು. ಗೆರೆ ಅರ್ಧದವರೆಗೆ ಸರಿಯಾಗಿಯೇ ಹೋಯಿತು. ಆಮೇಲೆ ಮೆಲ್ಲಗೆ ಮೇಲೇರಿ, ಇಳಿದು, ಮತ್ತೆ ಏರಿತು.

"ಸರಿ ಬಂತಾ?" ಎಂದು ಕೇಳಿದರು.

"ಬಂತು ಮಾಮಿ," ಎಂದೆ. ಇನ್ನೇನು ಹೇಳಲಿ?

ಮಾಮ ಸ್ಕೇಲ್ ಇಡಲಿಲ್ಲ. ಒಂದು ಸಲ ನೋಡಿ ಗಾಡಿಗೆ ಸಿಕ್ಕಿಸಿದರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಅದನ್ನು ಹೇಗೆ ಸಹಿಸಿಕೊಂಡರು ಎಂದು ನನಗೆ ಆಶ್ಚರ್ಯವಾಗಿತ್ತು. ಮಾಮಿಯ ಕಣ್ಣಿನ ವಿಷಯ ಗೊತ್ತಾಗಿದೆಯೇನೋ ಎಂದೂ ಅನ್ನಿಸಿತ್ತು... ಗೊತ್ತಾಗಿರಲಿಲ್ಲ.

ಮರುವರ್ಷ ನಾವು ನೆರೂಲ್‌ಗೆ ಬಂದೆವು. ನಾವು ಇಲ್ಲಿಗೆ ಬಂದ ಆರು ತಿಂಗಳಿಗೆ ಮಾಮಿ ಹೃದಯಾಘಾತದಿಂದ ಹೋಗಿಬಿಟ್ಟರು. ಡೊಂಬಿವಲಿಗೆ ಹೋಗಿ ಮಾಮನ ಎದುರು ಕೂತೆ. ಫೋನಿನ ವಿಷಯ ಹೇಳಬೇಕೆಂದೇ ಹೋಗಿದ್ದೆ. ಸತ್ತವರ ಗುಟ್ಟನ್ನು ಹನ್ನೆರಡು ದಿನವೂ ಆಗದೆ ಒಡೆಯುವುದೇ ಎಂದು ಸುಮ್ಮನೆ ಎದ್ದು ಬಂದೆ. ಮುಂದಿನ ಸಲ ಎಂದುಕೊಂಡೆ. ಲೋಕಲ್‌ನಲ್ಲಿ ನಿಂತಾಗ, ಸಾಲಿನಲ್ಲಿ ನಿಂತಾಗ, ಪಾತ್ರೆ ತೊಳೆಯುವಾಗ ಆ "ನಾನೇ" ಎನ್ನುವ ದನಿ ಕೇಳುತ್ತಿತ್ತು. ಫೋನ್ ಕೈಗೆ ತೆಗೆದುಕೊಂಡು ಇಟ್ಟುಬಿಡುತ್ತಿದ್ದೆ. ಹೀಗೆ ಏಳೆಂಟು ವರ್ಷ!

ಕೊನೆಗೆ ತಡೆಯಲಾಗದೆ ಹೋದೆ. ಮಾಮ ಆಗ ಘೋಡಬಂದರ್ ರಸ್ತೆಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದರು. ಕೈ ನಡುಗುತ್ತಿದ್ದುದರಿಂದ ಕೆಲಸ ನಿಂತಿತ್ತು. ಗೋಡೆ ಸುತ್ತ ಹಲಗೆ ಇರಲಿಲ್ಲ, ಗಾಡಿ ಗಾಜಿನ ಕಪಾಟಿನಲ್ಲಿತ್ತು. ಮಗಳು ಚಹಾ ಇಟ್ಟು ಒಳಗೆ ಹೋದಳು. ನಾನು ಪೀಠಿಕೆ ಇಲ್ಲದೆ ಹೇಳಿದೆ, "ಮಾಮ, ಅವತ್ತು ಆ ಫೋನ್ ತಗೊಂಡಿದ್ದು ನಾನು. ಮಾಮಿ ಅಲ್ಲ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಅವಳೆಲ್ಲಿಗೆ ಹೋಗಿದ್ಲು?"

"ಕಣ್ಣಿನ ಡಾಕ್ಟ್ರ ಹತ್ರ. ಗೆರೆ ತುದಿ ಕಾಣ್ತಿರ್ಲಿಲ್ಲ ಅವರಿಗೆ. ನಿಮಗೆ ಗೊತ್ತಾದ್ರೆ ಕುಂಚ ತಗೊಂಡ್ಬಿಡ್ತೀರಿ ಅಂತ ಹೆದರಿಕೆ ಇತ್ತು."

ಅವರು ಎದ್ದು ಕಪಾಟಿನ ಬಾಗಿಲು ಸರಿಸಿ, ಕೊನೆಯ ಡಬ್ಬಾವನ್ನು ತೆಗೆದು ನನ್ನ ಕೈಯಲ್ಲಿಟ್ಟರು.

"ನಾನು ಎಣಿಸಿದ್ದು ಸಿಟ್ಟು ಅಂತ," ಎಂದರು. "ಎಲ್ಲರೆದುರು ಬೈದೆ ಅಲ್ವಾ, ಅದಕ್ಕೆ ಬೇಕಂತಲೇ ಸೊಟ್ಟ ಎಳೆದದ್ದು ಅಂತ. ಇರುವಾಗ ಕೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಹೋದ ಮೇಲೆ ದಿನಾ ಅವಳ ಸಿಟ್ಟು ನೋಡ್ತಾ ಕೂರ್ಲಿಕ್ಕೆ ಆಗ್ಲಿಲ್ಲ... ಟರ್ಪೆಂಟೈನ್ ಹಾಕಿ ಒರೆಸಿದೆ. ಟೇಪ್ ಹಚ್ಚಿ ನಾನೇ ಎಳೆದೆ."

ಡಬ್ಬಾವನ್ನು ತಿರುಗಿಸಿ ನೋಡಿದೆ. ಗೆರೆ ಈ ತುದಿಯಿಂದ ಆ ತುದಿಯವರೆಗೆ ನೇರವಾಗಿತ್ತು.

"ಇದನ್ನ ನೀನು ಆಗ್ಲೇ ಹೇಳ್ಬಾರ್ದಿತ್ತಾ, ಮಗಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾಮನೂ ಈಗ ಇಲ್ಲ. ಪೇಂಟರ್ ಬಾಲ್ಕನಿಯಿಂದ ಕೂಗಿದ. ಕಿಟಕಿ ಚೌಕಟ್ಟಿನಲ್ಲಿ ಬಣ್ಣ ಆಚೀಚೆ ಹೋಗಿದೆಯಂತೆ, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ನೇರ ಮಾಡಲೇ ಎಂದು ಕೇಳಿದ. ನಾನು ಸೌಟು ಕೆಳಗಿಟ್ಟು ಹೋಗಿ ನೋಡಿದೆ.

"ರೆಹನೇ ದೋ," ಇರಲಿ ಬಿಡು, ಎಂದೆ. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮತ್ತೊಮ್ಮೆ ಕೇಳಿದ.