ಡಾನರ್ ಘಟ್ಟದ ಸುರಂಗ ಮತ್ತು ಅಣ್ಣನ ಗಜಲಕ್ಷ್ಮಿ

ಮೇ ಕೊನೆಯ ವಾರ ಸಾಗರದಲ್ಲಿ ರೈಲು ಹತ್ತುವಾಗ ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಹದಿನೆಂಟು ಉಳಿ ಮತ್ತು ಒಂದು ಕೊಡತಿ. ನಮ್ಮದು ಮರ ಕೆತ್ತುವ ಮನೆ. ಅಮೆರಿಕದ ಸ್ಯಾಕ್ರಮೆಂಟೊ ಊರಿನ ಹೊರಗೆ ನಮ್ಮ ಕಡೆಯವರು ಕಟ್ಟಿದ ಸಣ್ಣ ದೇವಸ್ಥಾನಕ್ಕೆ ತೇಗದ ಮಂಟಪ ಮಾಡಿಕೊಟ್ಟಿದ್ದೆವು. ನಲವತ್ತೊಂದು ತುಂಡುಗಳು ಹಡಗಿನಲ್ಲಿ ಮೊದಲೇ ಹೋಗಿದ್ದವು. ಅವನ್ನು ಜೋಡಿಸಿ ಬರುವುದು ನನ್ನ ಕೆಲಸ. ಅಣ್ಣ ಗಣಪಣ್ಣ ಹೋಗಬೇಕಿತ್ತು. ಬಾಗಿಲ ಮೇಲ್ಪಟ್ಟಿಯ ಗಜಲಕ್ಷ್ಮಿಯನ್ನು ಕೆತ್ತುತ್ತಿರುವಾಗಲೇ ತೀರಿಕೊಂಡ. ಉಳಿದಿದ್ದ ಎಡಗಡೆಯ ಆನೆಯ ಕಿವಿಯೊಂದನ್ನು ಮಾತ್ರ ನಾನು ಮುಗಿಸಿದ್ದೆ.

ಅತ್ತಿಗೆ ಸ್ಟೇಷನ್ನಿಗೆ ಬಂದಿದ್ದರು.

"ತಮ್ಮಾ, ಅಲ್ಲಿ ಹೆಸ್ರಿನ ಬೋರ್ಡು ಹಾಕ್ತಾರಂತಲ್ಲ. ನಿಮ್ಮಣ್ಣನ ಹೆಸ್ರು ಒಂದ್ ಮೂಲೇಲಾದ್ರೂ ಇರ್ಲಿ. ಕೇಳ್ತೀಯಲ್ಲ?"

"ಕೇಳ್ತೀನಿ ಅತ್ತಿಗೆ."

"ನಿನ್ ಬಾಯಿ ನಂಗೊತ್ತು. ಮರದ ಹತ್ರ ಮಾತ್ರ ಬಿಚ್ಚೋದು."

ಅವರು ಹೇಳಿದ್ದು ಸರಿಯೇ. ತಲುಪಿದ ಮೂರನೆಯ ದಿನ ಕಮಿಟಿಯ ಸೆಕ್ರೆಟರಿಯವರನ್ನು ಕೇಳಿದೆ. "ದಾನಿಗಳ ಹೆಸರು ಮಾತ್ರ ಅಂತ ತೀರ್ಮಾನ ಆಗಿದೆ. ಕೆಲಸದವರದ್ದೆಲ್ಲ ಹಾಕ್ತಾ ಹೋದ್ರೆ ಎಲೆಕ್ಟ್ರಿಷಿಯನ್ನೂ ಕೇಳ್ತಾನೆ" ಎಂದು ನಕ್ಕರು. ಕೆಟ್ಟವರಲ್ಲ, ದಿನವೂ ಊಟವಾಯಿತೇ ಎಂದು ವಿಚಾರಿಸುತ್ತಿದ್ದರು. ನಾನು "ಆಯ್ತು ಸರ್" ಎಂದೆ. ಸಾವಿರಾರು ಮೈಲಿ ಬಂದು ನಾನು ಆಡಿದ್ದು ಅಷ್ಟೇ ಮಾತು.

ದೇವಸ್ಥಾನದ ಅರ್ಚಕರು ತೀರ್ಥಹಳ್ಳಿ ಕಡೆಯ ಭಟ್ಟರು. ಪಕ್ಕದ ಮನೆಯಲ್ಲಿ ಮಿಸೆಸ್ ವಾಂಗ್ ಎಂಬ ಚೀನಾ ಮೂಲದ ನಿವೃತ್ತ ಶಿಕ್ಷಕಿ ಇದ್ದರು. ಸಂಜೆ ಬಂದು ನಾನು ಸಂದು ಕೂರಿಸುವುದನ್ನು ನೋಡುತ್ತಿದ್ದರು. ಎರಡನೆಯ ವಾರ ಭಟ್ಟರ ಮೂಲಕ ಹೇಳಿಸಿದರು: ಈ ಕೈಗಳು ನೋಡಬೇಕಾದ ಜಾಗವೊಂದು ಬೆಟ್ಟದ ಮೇಲಿದೆ, ಭಾನುವಾರ ಕಾರು ತರುತ್ತೇನೆ.

ಸುಮಾರು ನೂರೈವತ್ತು ಕಿಲೋಮೀಟರು, ಎರಡು ಗಂಟೆಯ ದಾರಿ. ನಡುವೆ ನಿಲ್ಲಿಸಿ ಕಾಫಿ ಕುಡಿದೆವು. ಒಂದು ಲೋಟಕ್ಕೆ ಐದು ಡಾಲರ್. "ಈ ದುಡ್ಡಲ್ಲಿ ಹೊಸನಗರ ಬಸ್ ಸ್ಟ್ಯಾಂಡಲ್ಲಿ ಊರಿಗೆಲ್ಲ ಕುಡಿಸ್ಬಹುದಿತ್ತು ಮಾರಾಯ್ರೆ" ಎಂದರು ಭಟ್ಟರು. ಮಿಸೆಸ್ ವಾಂಗ್ ಆವಿಯಲ್ಲಿ ಬೇಯಿಸಿದ ಬನ್ನು ತಂದಿದ್ದರು, ಒಳಗೆ ಕಾಳಿನ ಸಿಹಿ ಹೂರಣ. ಮಾಂಸವಿಲ್ಲ ಎಂದು ಮೂರು ಸಲ ಹೇಳಿದರು. ನಮ್ಮ ಕಡುಬಿನ ನೆನಪಾಯಿತು.

ಡಾನರ್ ಘಟ್ಟದ ನೆತ್ತಿ ಏಳು ಸಾವಿರ ಅಡಿ ಎತ್ತರ. ಜೂನ್ ಬಂದಿದ್ದರೂ ಬಂಡೆಗಳ ನೆರಳಿನಲ್ಲಿ ಹಿಮ ಉಳಿದಿತ್ತು. ಮೊದಲು ಕಂಡದ್ದು ಒಂದು ಕಣಿವೆಗೆ ಅಡ್ಡ ಕಟ್ಟಿದ ಕಲ್ಲಿನ ಗೋಡೆ. ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿದ್ದಾರೆ. ಸಂದಿನಲ್ಲಿ ಜೇಬಿನ ಅಳತೆಪಟ್ಟಿಯ ಅಂಚು ತೂರಿಸಿ ನೋಡಿದೆ. ಹಲವು ಕಡೆ ಹೋಗಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಇದರ ಮೇಲೆ ರೈಲಿನ ಭಾರ, ಹಿಮದ ಭಾರ ಬಿದ್ದಿದೆ. ಅಮೆರಿಕದ ಎರಡು ಬದಿಯ ಕಡಲ ತೀರ ಸೇರಿಸಿದ ಮೊದಲ ರೈಲು ದಾರಿ ಇದು. ಈ ಬೆಟ್ಟದ ಭಾಗವನ್ನು ಕಡಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದವರು.

ಆ ದಾರಿಯ ಸುರಂಗ ಈ ಗೋಡೆಯ ಮೇಲುಗಡೆ ಇತ್ತು. ಅರ್ಧ ಕಿಲೋಮೀಟರ್ ಉದ್ದ. ಹಳಿ ತೆಗೆದು ಬಹಳ ವರ್ಷವಾಗಿದೆ, ಈಗ ನಡೆದೇ ಹೋಗಬಹುದು. ಒಳಗೆ ತಣ್ಣಗಿನ ನೀರು ತೊಟ್ಟಿಕ್ಕುತ್ತಿತ್ತು. ಮಿಸೆಸ್ ವಾಂಗ್ ನನ್ನ ಕೈ ಹಿಡಿದು ಗೋಡೆಗೆ ಇಟ್ಟರು.

ಕಲ್ಲಿನಲ್ಲಿ ಉದ್ದಕ್ಕೆ ಅರೆದುಂಡಗಿನ ಕಾಲುವೆಯಂಥ ಗೀರು, ಹೆಬ್ಬೆರಳು ಕೂರುವಷ್ಟು. ಸಿಡಿಮದ್ದು ತುಂಬಲು ಕೊರೆದ ತೂತಿನ ಉಳಿದರ್ಧ ಅದು. ಒಬ್ಬ ಉಕ್ಕಿನ ಸಲಾಕೆ ಹಿಡಿಯುತ್ತಿದ್ದ, ಇಬ್ಬರು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಪ್ರತಿ ಪೆಟ್ಟಿಗೂ ಹಿಡಿದವನು ಸಲಾಕೆಯನ್ನು ತುಸು ತಿರುಗಿಸಬೇಕು. ಹೀಗೆ ಹಗಲು ರಾತ್ರಿ ಕೊರೆದರೂ ಒಂದು ಬದಿಯಿಂದ ದಿನಕ್ಕೆ ಒಂದಡಿ ಸಾಗಿದರೆ ಹೆಚ್ಚು. ಟಾರ್ಚು ಹಿಡಿದು ನೋಡುತ್ತ ಹೋದೆ. ಒಂದು ಗೀರು ನೇರ. ಮುಂದಿನದು ನೇರ. ಮತ್ತೊಂದು ಎರಡು ಗೇಣು ಹೋಗಿ ಕೊಂಚ ಬಲಕ್ಕೆ ವಾಲಿ, ಮತ್ತೆ ದಾರಿಗೆ ಬಂದಿತ್ತು. ಸಲಾಕೆ ಹಿಡಿದವನ ಕೈ ಅಲ್ಲಿ ದಣಿದಿದೆ. ಬಿಟ್ಟಿಲ್ಲ. ನನಗೆ ಗೊತ್ತಿರುವ ಭಾಷೆಯಲ್ಲೇ ಅದನ್ನು ಬರೆದಿಟ್ಟ ಹಾಗಿತ್ತು. ಹೆಬ್ಬೆರಳನ್ನು ಆ ಗೀರಿನಲ್ಲಿಟ್ಟು ನಿಂತೇಬಿಟ್ಟೆ. ಚಳಿ ಹಿಡಿದಿದೆ ಎಂದುಕೊಂಡು ಭಟ್ಟರು ತಮ್ಮ ಶಾಲು ಕೊಟ್ಟರು.

ಮಿಸೆಸ್ ವಾಂಗ್ ಒಂದೊಂದಾಗಿ ಹೇಳಿದರು, ಭಟ್ಟರು ಕನ್ನಡ ಮಾಡಿದರು. ಚಳಿಗಾಲದಲ್ಲಿ ಹಿಮ ಕೂಲಿಗಳ ಮನೆಗಳನ್ನು ಮುಚ್ಚುತ್ತಿತ್ತು. ಹಿಮದೊಳಗೆ ದಾರಿ ತೋಡಿ ಕೆಲಸಕ್ಕೆ ಬರುತ್ತಿದ್ದರು. ಹಿಮ ಜರಿದು ಹೂತು ಹೋದವರು ಬೇಸಿಗೆಯಲ್ಲಿ ಸಿಕ್ಕರು. ಒಮ್ಮೆ ಬಿಳಿಯರಷ್ಟೇ ಕೂಲಿ ಬೇಕೆಂದು ಎಲ್ಲರೂ ಸಲಾಕೆ ಕೆಳಗಿಟ್ಟು ಸುಮ್ಮನೆ ಕೂತರು. ಕಂಪನಿ ಅವರಿಗೆ ಬರುವ ಆಹಾರ ನಿಲ್ಲಿಸಿತು. ಸುಮಾರು ಒಂದು ವಾರಕ್ಕೆ ಮುಗಿಯಿತು. ಆ ಕಾಲದಲ್ಲಿ ಬಿಳಿಯನ ವಿರುದ್ಧ ಚೀನೀಯನ ಸಾಕ್ಷಿಗೆ ಇಲ್ಲಿನ ಕೋರ್ಟಿನಲ್ಲಿ ಬೆಲೆಯಿರಲಿಲ್ಲ. ಹಳಿ ಮುಗಿದ ಮೇಲೆ ಊರೂರಲ್ಲಿ ಅವರ ಕೇರಿಗಳಿಗೆ ಬೆಂಕಿ ಇಟ್ಟು ಓಡಿಸಿದರು. ೧೮೮೨ರಲ್ಲಿ, ಚೀನಾದ ಕೂಲಿಗಳು ಇನ್ನು ಈ ದೇಶಕ್ಕೆ ಬರಕೂಡದೆಂದು ಕಾನೂನೇ ಆಯಿತು.

"ಇವ್ರ ಮುತ್ತಜ್ಜ ಇಲ್ಲೇ ಇದ್ದದ್ದಂತೆ" ಎಂದರು ಭಟ್ಟರು. "ಆದ್ರೆ ಕಂಪನಿ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಬರೀ ಮೇಸ್ತ್ರಿಗಳ ಹೆಸ್ರು. ಉಳಿದೋರೆಲ್ಲ ಇಂಥೋನ ಗುಂಪು, ಅಷ್ಟೆ."

ಆಕೆ ಕತ್ತಲ ಕಡೆಗೆ ಮುಖ ಮಾಡಿ ಜೋರಾಗಿ ಒಂದು ಹೆಸರು ಕೂಗಿದರು. ಮೂರು ಸಣ್ಣ ಶಬ್ದ. ಕಲ್ಲು ಅದನ್ನು ಹಲವು ಸಲ ಹೇಳಿತು. ವರ್ಷಕ್ಕೊಮ್ಮೆ ಬಂದು ಹೀಗೆ ಕೂಗುತ್ತಾರಂತೆ.

ಮಾರನೆಯ ದಿನ ಮೇಲ್ಪಟ್ಟಿ ಒಂದನ್ನು ಬಿಟ್ಟು ಎಲ್ಲವನ್ನೂ ಕೂರಿಸಿದೆ. ಕೈ ತೊಳೆದು ಮೆಟ್ಟಿಲ ಮೇಲೆ ಕೂತೆ. ಪ್ರತಿಷ್ಠೆಗೆ ನಾಲ್ಕು ದಿನವಿತ್ತು. ಸೆಕ್ರೆಟರಿ ಬಂದರು.

"ಯಾಕೆ ನಿಲ್ಸಿದ್ರಿ?"

"ಈ ಪಟ್ಟಿ ನಮ್ಮಣ್ಣ ಕೆತ್ತಿದ್ದು ಸರ್. ಹೆಸ್ರು ಹಾಕ್ಬೇಕು. ಹಾಕೋ ತನ್ಕ ನನ್ ಕೈಯಲ್ಲಿ ಇದನ್ನ ಎತ್ತಕ್ಕಾಗಲ್ಲ."

ವಾಪಸ್ ಟಿಕೆಟ್ ಅವರ ಕೈಯಲ್ಲಿತ್ತು. ಅವರು ಸಿಟ್ಟಾದರು, ಒಪ್ಪಂದ ನೆನಪಿಸಿದರು, ಫೋನಿನಲ್ಲಿ ಯಾರ್ಯಾರ ಹತ್ತಿರವೋ ಮಾತಾಡಿದರು. ಎರಡು ದಿನ ನಾನು ಮೆಟ್ಟಿಲ ಮೇಲೆಯೇ ಇದ್ದೆ. ನನಗೆ ಯಾರೂ ಊಟ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಸೆಕ್ರೆಟರಿಯವರ ಮನೆಯಿಂದಲೇ ಬುತ್ತಿ ಬರುತ್ತಿತ್ತು. ಮೂರನೆಯ ಬೆಳಿಗ್ಗೆ ಭಟ್ಟರು ಒಳಗಿನಿಂದಲೇ ಕೂಗಿದರು: "ಎಂತ ಕೂತಿದ್ದೀರಿ ಮಾರಾಯ್ರೆ, ಉಳಿ ತಗೊಳ್ಳಿ! ಬೋರ್ಡಲ್ಲಿ ಆಗಲ್ವಂತೆ, ಪಟ್ಟಿಯ ಅಂಚಲ್ಲಿ ಕೆತ್ತಬಹುದಂತೆ."

ಆನೆಯ ಕಾಲಿನ ಕೆಳಗೆ, ಎದುರಿಗೆ ನಿಂತವರಿಗೆ ಕಾಣುವಂತೆ ಕೆತ್ತಿದೆ: ಗಣಪ, ಸಾಗರ. ಎತ್ತಿ ಕೂರಿಸಿದಾಗ ಪಟ್ಟಿ ಒಂದೇ ಪೆಟ್ಟಿಗೆ ಸಂದಿಗೆ ಇಳಿಯಿತು.

ಊರಿಗೆ ಬಂದಾಗ ಮಳೆ ಹಿಡಿದಿತ್ತು. ಅತ್ತಿಗೆ ಫೋನಿನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಅಕ್ಷರ ಸಣ್ಣದಾಯ್ತು" ಎಂದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಚಹಾ ಮಾಡಿ ತಂದು, ಸುರಂಗದ ಕಥೆಯನ್ನು ಮೊದಲಿನಿಂದ ಹೇಳಿಸಿಕೊಂಡರು. ವಾಲಿದ ಗೀರಿನ ಮಾತು ಬಂದಾಗ ಲೋಟ ಕೆಳಗಿಟ್ಟರು.

"ಆಯಮ್ಮ ಕೂಗಿದ್ದು ಎಂತ ಹೆಸ್ರು?"

ಮೂರು ಶಬ್ದ ಎಂಬುದಷ್ಟೇ ನೆನಪಿತ್ತು. ಕೇಳಿ ಬರೆದುಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಚೆನ್ನಾಯ್ತು" ಎಂದರು ಅತ್ತಿಗೆ. "ಅಣ್ಣನ ಹೆಸ್ರಿಗೆ ಎರಡ್ ದಿನ ಮೆಟ್ಲ ಮೇಲೆ ಕೂತ್ಕಂಡ ಗಂಡಸು ನೀನು."

ಪೆನ್ಸಿಲು ಹುಡುಕಿ ಕೈಯಲ್ಲಿ ಹಿಡಿದುಕೊಂಡು ಭಟ್ಟರಿಗೆ ಫೋನು ಹಚ್ಚಿದೆ. ಅಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ ಎಂಬುದು ಫೋನು ಹೊಡೆದುಕೊಳ್ಳತೊಡಗಿದ ಮೇಲೆ ನೆನಪಾಯಿತು. ಆದರೂ ಫೋನು ಇಡಲಿಲ್ಲ.