ಗಾಳಿಯ ಪಾಲು, ಅಣ್ಣನ ಪಾಲು

ಕಾರಿನ ಶಕ್ತಿ ಅಳೆಯುವುದನ್ನು ನೋಡಲೆಂದು ನಾನು ಬಂದಿರುವ ಬಾಗಲೂರಿನ ಶೆಡ್ಡಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಯನಾ ಕೆಂಪು ಕಾರೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಗಾಳಿ ನೋಡುತ್ತಿದ್ದಾರೆ. ಚಕ್ರಗಳು ನೆಲದಲ್ಲಿ ಹುದುಗಿಸಿದ ರೋಲರುಗಳ ಮೇಲಿವೆ. ಇನ್ನು ಸ್ವಲ್ಪ ಹೊತ್ತಿಗೆ ಕಾರು ನಿಂತಲ್ಲೇ ಓಡುತ್ತದೆ, ಅದರ ಹಾರ್ಸ್‌ಪವರ್ ಎಷ್ಟೆಂದು ಪರದೆ ಹೇಳುತ್ತದೆ.

ಎಂಜಿನ್ ಪಳಗಿಸಿ ಶಕ್ತಿ ಹೆಚ್ಚಿಸುವವರು ಅಣ್ಣ ಮುನೇಶ್, ಅಳೆಯುವವರು ತಂಗಿ. ಕಾರಿನ ಮಾಲೀಕರು ಆರ್.ಟಿ. ನಗರದ ಸಾಕಿಬ್. ಇಪ್ಪತ್ತು ಹಾರ್ಸ್‌ಪವರ್ ಹೆಚ್ಚಾದರೆ ಗೆಳೆಯರ ಕಾರುಗಳನ್ನೂ ಇಲ್ಲಿಗೇ ಕಳಿಸುತ್ತೇನೆ ಎಂದಿದ್ದಾರೆ. ಈಚೆಗೆ ಶೆಡ್ಡು ಖಾಲಿ ಹೊಡೆಯುತ್ತಿರುವುದರಿಂದ ಮುನೇಶ್ ಆ ಮಾತಿಗೇ ಜೋತುಬಿದ್ದಿದ್ದಾರೆ.

ಕಾರು ಅಬ್ಬರಿಸಿ ತಣ್ಣಗಾಗುತ್ತದೆ. ಪರದೆಯಲ್ಲಿ ನೂರ ಎಪ್ಪತ್ತು. ಕೆಲಸಕ್ಕೆ ಮುಂಚೆ, ನಿನ್ನೆ ಮಧ್ಯಾಹ್ನ, ಬಂದದ್ದು ನೂರ ನಲವತ್ತೆಂಟು. ಸಾಕಿಬ್‌ಗೆ ಹೇಳಲು ಮುನೇಶ್ ಆಗಲೇ ಫೋನ್ ಕೈಗೆತ್ತಿಕೊಂಡಿದ್ದಾರೆ.

"ಫೋನ್ ಮಾಡ್ಬೇಡ ಕಣೋ. ನಿನ್ನೆ ಅಳ್ದಿದ್ದು ಸುಡೋ ಬಿಸಿಲಲ್ಲಿ. ಇವತ್ತೂ ಅದೇ ಹೊತ್ತಿಗೆ ಅಳೀತೀನಿ, ಆಮೇಲೆ ಅಂಕಿ ಚೀಟಿ ಕೊಡ್ತೀನಿ," ಎನ್ನುತ್ತಾರೆ ನಯನಾ.

"ಬೇರೆ ಶೆಡ್ಡಲ್ಲಿ ಇಂಗೆಲ್ಲಾ ಯಾರು ನೋಡ್ತಾರೆ?" ಎಂದು ಅಣ್ಣ ತಿಂಡಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರೆ.

ಬೆಳಗಿನ ತಂಪು ಗಾಳಿ ಸಾಂದ್ರ, ಎಂಜಿನ್ನಿಗೆ ಮೃಷ್ಟಾನ್ನ. ಯಂತ್ರವೇನೋ ಹವೆಯ ಲೆಕ್ಕ ಹಿಡಿದು ಅಂಕಿಯನ್ನು ತಿದ್ದುತ್ತದೆ, ಆದರೆ ಬಿಸಿಲಲ್ಲಿ ಬಾನೆಟ್ಟಿನ ಕೆಳಗೆ ಕೂತ ಕಾವು ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. ಕಾರನ್ನು ಕಟ್ಟುವ ಪಟ್ಟಿ ಬಿಗಿಯಾದರೆ ಟೈರು ಒತ್ತಿಕೊಂಡು ಅಂಕಿ ಇಳಿಯುತ್ತದೆ, ಸಡಿಲವಾದರೆ ಚಕ್ರ ಜಾರುತ್ತದೆ. ಇಷ್ಟರ ಮೇಲೆ ಕಂಪನಿಯವರು ಹೇಳಿದ ಅಂಕಿ ಹಿಡಿದು ಜಗಳಕ್ಕೆ ಬರುವವರಿದ್ದಾರೆ. "ಅದು ಎಂಜಿನ್ನಿಂದು, ನಾನು ಅಳೆಯೋದು ಚಕ್ರದ್ದು. ಗೇರು, ಆಕ್ಸಲ್ಲು ಮಧ್ಯದಲ್ಲಿ ಒಂಚೂರು ತಿಂದ್ಕೊಳ್ತವೆ. ಅದೂ ಅಲ್ದೆ ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು," ಎಂದು ನಯನಾ ಬೇಸರಿಸದೆ ವಿವರಿಸುತ್ತಾರೆ. ನನಗಾದರೆ ಎರಡನೇ ಗಿರಾಕಿಗೇ ತಾಳ್ಮೆ ಕೆಡುತ್ತಿತ್ತು.

ಶೆಡ್ಡು ನಿಂತಿರುವುದು ಅಪ್ಪ ಮುನಿಶಾಮಪ್ಪನವರ ದ್ರಾಕ್ಷಿ ತೋಟ ಇದ್ದ ಜಾಗದಲ್ಲಿ. ಡಿಪ್ಲೊಮಾ ಮುಗಿಸಿದ ಮಗಳು ರೋಲರಿನ ಮುಂದೆ ಕೂತಾಗ ಬಂದವರೆಲ್ಲ "ಅಣ್ಣ ಇಲ್ವಾ?" ಎಂದೇ ಕೇಳುತ್ತಿದ್ದರಂತೆ. ಈಗಲೂ ಕೆಲವರು ಕೇಳುತ್ತಾರೆ.

ಮಧ್ಯಾಹ್ನ ತಗಡಿನ ಸೂರು ಕಾದು ಕೂತಿದೆ. ಸಾಕಿಬ್ ಬಂದಿದ್ದಾರೆ, ಮುನೇಶ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಾರೆ. ನಯನಾ ಟೈರಿನ ಗಾಳಿ, ಪಟ್ಟಿ, ಕಾರಿನ ಮುಂದಿನ ಫ್ಯಾನು ಎಲ್ಲವನ್ನೂ ನಿನ್ನೆಯಂತೆಯೇ ಹೊಂದಿಸಿ ಕಾರು ಓಡಿಸುತ್ತಾರೆ. ನೂರ ಐವತ್ತೇಳು, ನಿನ್ನೆಗಿಂತ ಒಂಬತ್ತು ಹೆಚ್ಚು.

"ಒಂಬತ್ತೇನಾ ಗುರು?" ಎನ್ನುತ್ತಾರೆ ಸಾಕಿಬ್, ಮುನೇಶ್ ಕಡೆ ತಿರುಗಿ. ಬೆಳಗಿನ ಅಂಕಿಯನ್ನು ಮುನೇಶ್ ಹೇಳಿಬಿಡುತ್ತಾರೇನೋ ಎಂದು ನನಗೆ ಅಳುಕು. ಅವರು ಹೇಳುವುದಿಲ್ಲ. ಸಾಕಿಬ್ ಚೀಟಿ ಮಡಚಿ, "ಫ್ರೆಂಡ್ಸ್‌ಗೆ ತೋರಿಸ್ತೀನಿ, ನೋಡೋಣ," ಎಂದು ಕಾರು ಹತ್ತುತ್ತಾರೆ. ಪಟ್ಟಿಗಳನ್ನು ಅಣ್ಣತಂಗಿ ಸೇರಿ ಬಿಚ್ಚುತ್ತಾರೆ.

ಕಾರು ಹೋದ ಮೇಲೆ, ಬೇಜಾರಾಯಿತೇ ಎಂದು ನಯನಾರನ್ನು ಕೇಳುತ್ತೇನೆ.

"ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಶೆಡ್ ತುಂಬ್ಲಿ ಅಂತ ನಂಗೂ ಆಸೆ ಇದೆ," ಎಂದು ಪಟ್ಟಿ ಸುತ್ತಿಡುತ್ತಾರೆ. ಅಣ್ಣ ಕೇಳಿಸಿಕೊಳ್ಳುತ್ತಿರುವುದು ಅವರಿಗೆ ಗೊತ್ತು.

"ಬೆಳಿಗ್ಗೆ ಬಂದಿದ್ರಲ್ಲಿ ಗಾಳೀದೂ ಪಾಲಿತ್ತು ಕಣ್ರೀ. ಈ ಒಂಬತ್ತು ಪೂರ್ತಿ ನಮ್ಮಣ್ಣಂದೇ."