ನಂಬರಿನ ಮೇಲೆ ಬಳಿದ ಸುಣ್ಣ

ನಮ್ಮ ಗೋಡೆಗೆ ನಂಬರು ಬಿದ್ದದ್ದು ಪಿತೃಪಕ್ಷದಲ್ಲಿ. ಮೊದಲ ತಪ್ಪು ಅದೇ ಎಂದು ನನ್ನ ಸೋದರತ್ತೆ ಕೊನೆಯವರೆಗೂ ಹೇಳುತ್ತಿದ್ದಳು.

"ಪಕ್ಷದಾಗ ಯಾರರ ಹೊಸ ಕೆಲಸ ಹಿಡೀತಾರೇನು? ಅದೂ ಕೆಂಪು ಬಣ್ಣ ತಗೊಂಡು, ಮಂದಿ ಮನಿ ಬಾಗಲದಾಗ?"

ಎರಡನೆಯ ತಪ್ಪು ನನ್ನದು. ಅದನ್ನು ಅವಳು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಅದಕ್ಕೇ ನಾನು ಹೇಳಬೇಕಾಗಿದೆ.

ಹೈದರಾಬಾದು ಆಗ ಇಡೀ ಆಂಧ್ರಪ್ರದೇಶದ ರಾಜಧಾನಿ. ನಾನು ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಇದ್ದದ್ದು ಅತ್ತೆಯ ಮನೆಯಲ್ಲಿ, ಮುಚ್ಚಿಹೋದ ಒಂದು ಹತ್ತಿಗಿರಣಿಯ ಗೋಡೆಗೆ ಅಂಟಿಕೊಂಡಿದ್ದ ಕಾರ್ಮಿಕರ ಲೈನಿನಲ್ಲಿ. ಎದುರುಬದುರು ಎರಡು ಸಾಲು, ಸಾಲಿಗೆ ಇಪ್ಪತ್ತು ಹಂಚಿನ ಮನೆ, ನಡುವೆ ಒಂದು ನಳ. ಅತ್ತೆ ಮದುವೆಯಾಗಿ ಕಲಬುರ್ಗಿ ಕಡೆಯಿಂದ ಬಂದು ಇಳಿದದ್ದೇ ಆ ಮನೆಗೆ. ಮಾವ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಅವಳು ನೂಲು ಸುತ್ತುವ ಖಾತೆಯಲ್ಲಿದ್ದಳು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನೂ ಅಲ್ಲಿಗೇ ತಂದು ಸಾಕಿದಳು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ. ಕನ್ನಡ ಮಾತ್ರ ಅವಳ ಒಲೆಯ ಮುಂದೆ ಕೂತು, ರೊಟ್ಟಿ ತಿನ್ನುತ್ತ, ಬೈಸಿಕೊಳ್ಳುತ್ತ ಕಲಿತದ್ದು.

ಗಿರಣಿ ಮುಚ್ಚಿ ಆರೇಳು ವರ್ಷವಾಗಿತ್ತು. ಮಾವ ಅದಕ್ಕೂ ಮುಂಚೆ ತೀರಿಕೊಂಡಿದ್ದ. ಪಾಳಿಗೆ ಕರೆಯುವ ಭೋಂಗಾ ಕೂಗುವುದು ನಿಂತುಹೋದರೂ ಬೆಳಗಿನ ಪಾಳಿಯ ಹೊತ್ತಿಗೆ ಲೈನಿನ ಹಳಬರೆಲ್ಲ ಎದ್ದು ಕೂರುತ್ತಿದ್ದರು. ಎದ್ದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆ ಬೇಸಿಗೆಯಿಂದ ಗೋಡೆಯಾಚೆ ಬೇರೆಯೇ ಸದ್ದು ಶುರುವಾಯಿತು. ಗ್ಯಾಸಿನ ಬೆಂಕಿಯಲ್ಲಿ ಯಂತ್ರಗಳನ್ನು ಕೊಯ್ಯುತ್ತಿದ್ದರು. ಸುಟ್ಟ ಎಣ್ಣೆಯ ವಾಸನೆ ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು. ಲಾರಿ ತುಂಬಿ ಹೋಗುವುದು ಕಾಣುತ್ತಿತ್ತು, ಏನು ಹೋಯಿತೆಂದು ಕಾಣುತ್ತಿರಲಿಲ್ಲ. ಮೇಲೆ ತಾಡಪತ್ರಿ ಮುಚ್ಚಿರುತ್ತಿದ್ದರು, ಹೆಣಕ್ಕೆ ಮುಚ್ಚಿದ ಹಾಗೆ. ಒಂದು ಬೆಳಿಗ್ಗೆ ಗೇಟಿನ ಮೇಲಿನ ಗಡಿಯಾರ ಇರಲಿಲ್ಲ. ಅದಿದ್ದ ಜಾಗದಲ್ಲಿ ಮಾಸದ ಬಿಳಿಯ ದುಂಡು ಗುರುತು ಮಾತ್ರ ಉಳಿದಿತ್ತು. ಅದರ ಮರುವಾರ ಗೇಟಿನ ಪಕ್ಕ ದೊಡ್ಡದೊಂದು ಬೋರ್ಡು ಎದ್ದಿತು. ಅದರಲ್ಲಿ ಮುಗಿಲು ಮುಟ್ಟುವ ಮನೆಗಳು, ನೀಲಿ ನೀರಿನ ಈಜುಕೊಳ, ನಾಯಿ ಹಿಡಿದು ನಗುತ್ತಿರುವ ಒಬ್ಬ ಹೆಂಗಸು.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನು ಬಹಳ ಹೊತ್ತು ನೋಡಿದಳು.

"ನಮ್ಮ ಮನಿ ಎಲ್ಲೈತೋ ಇದರಾಗ?"

ನಾನು ಗಿರಣಿಯ ಚಿಮಣಿ ಇರುವ ಜಾಗ, ನಮ್ಮ ಲೈನಿನ ಬೇವಿನ ಮರದ ಜಾಗ ಅಂದಾಜು ಮಾಡಿ ಬೆರಳು ತೋರಿಸಿದೆ. ಅಲ್ಲಿ ಹಸಿರು ಬಳಿದಿತ್ತು.

"ಹುಲ್ಲೈತಲ್ಲೋ!"

"ಹೂಂ, ಹುಲ್ಲು."

"ಆ ನಾಯಿ ನಮ್ಮ ಅಡಗಿಮನ್ಯಾಗ ಅಡ್ಡಾಡಾಕತ್ತೈತಿ ಹಂಗಾರ," ಎಂದು ನಕ್ಕಳು. ಮನೆಗೆ ಬರುವಷ್ಟರಲ್ಲಿ ಆ ನಗು ಹೋಗಿತ್ತು.

ನಂಬರು ಹಾಕಲು ಬಂದವರು ಇಬ್ಬರು. ಒಬ್ಬನ ಕೈಯಲ್ಲಿ ಟೇಪು ಮತ್ತು ಒಂದು ರಜಿಸ್ಟರು, ಇನ್ನೊಬ್ಬನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ಸರಕಾರದವರೋ ಜಾಗ ಕೊಂಡ ಕಂಪನಿಯವರೋ ಎಂದು ಕೇಳಿದರೆ ಟೇಪಿನವ "ಎರಡೂ ಒಂದೇ ಅನ್ಕೋರಿ" ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಬಾಗಿಲಿನ ಬಲಕ್ಕೆ ಒಂದೊಂದು ನಂಬರು ಬರೆಯುತ್ತ ಬಂದರು. ನಮ್ಮದು ಮೂವತ್ತೇಳು. ಬಣ್ಣ ತೆಳುವಾಗಿತ್ತು, ಏಳರ ಬಾಲ ಸೋರಿ ಹೊಸ್ತಿಲ ತನಕ ಇಳಿಯಿತು. ನಲವತ್ತು ಮನೆ ಮುಗಿದ ಮೇಲೆ ಬೇವಿನ ಮರಕ್ಕೂ ಒಂದು ಹಾಕಿದರು. ಮುಂದೆ ಇನ್ನೊಬ್ಬ ಸಾಹೇಬರು ಬರುತ್ತಾರೆ, ಫೋಟೋ ಹಿಡಿಯುತ್ತಾರೆ, ನಂಬರು ಇದ್ದವರಿಗೆಲ್ಲ ಊರ ಹೊರಗೆ ಮಣಿಕೊಂಡದ ಆಚೆ ಬಂಡೆಗಳ ನಡುವೆ ಕಟ್ಟುವ ಮನೆಗಳಲ್ಲಿ ಒಂದೊಂದು ಸಿಗುತ್ತದೆ ಎಂದರು. ಚೀಟಿ ಗೀಟಿ ಏನೂ ಕೊಡಲಿಲ್ಲ.

ಮರಕ್ಕೆ ಯಾವ ಮನೆ ಸಿಗುತ್ತದೆ ಎಂದು ಅತ್ತೆ ಕನ್ನಡದಲ್ಲೇ ಕೇಳಿದಳು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಇನ್ನು ಸುಣ್ಣದ ವಿಷಯ. ಬಾಯ್ಲರ್ ಮನೆಯ ಹಿಂದೆ ಗಿರಣಿಯದೇ ಒಂದು ಸುಣ್ಣದ ಗುಂಡಿ ಇತ್ತು. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ದಸರೆಗೆ ಮುಂಚೆ ಅದರಲ್ಲಿ ಸುಣ್ಣ ನೆನೆಸಿ ಮನೆಗೊಂದು ಬಕೆಟ್ಟಿನಂತೆ ಹಂಚುತ್ತಿದ್ದರು. ಅದೇ ಸುಣ್ಣದಲ್ಲಿ ಒಳಗೆ ಯಂತ್ರಗಳ ಕಾಲಿಗೂ ಪಟ್ಟೆ ಬಳಿದು ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡುತ್ತಿದ್ದರು. ಅವತ್ತು ಗೇಟು ತೆಗೆದು ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಮುಚ್ಚಿದ ಮೇಲೂ ಲೈನಿನವರು ಆ ಪದ್ಧತಿ ಬಿಟ್ಟಿರಲಿಲ್ಲ. ಸುಣ್ಣದ ಕಲ್ಲು ತಂದು ನಳದ ಹತ್ತಿರ ಡ್ರಮ್ಮಿನಲ್ಲಿ ಕುದಿಸಿ, ನೀಲಿ ಸೇರಿಸಿ, ನವರಾತ್ರಿಯ ಘಟ ಹಾಕುವ ಹಿಂದಿನ ದಿನ ಎರಡೂ ಸಾಲಿನವರು ಹಟಕ್ಕೆ ಬಿದ್ದು ಬಳಿಯುತ್ತಿದ್ದರು. ಕನ್ನಡದವರು, ತೆಲುಗಿನವರು, ಮರಾಠಿಯವರು, ಮೂಲೆಯ ಮುಸಲ್ಮಾನರ ಮನೆಯೂ ಸೇರಿ. ಯಾವ ಸಾಲು ಹೆಚ್ಚು ಬಿಳಿ ಎಂಬ ಜಗಳ ದೀಪಾವಳಿಯ ತನಕ ನಡೆಯುತ್ತಿತ್ತು.

ಆ ವರ್ಷವೂ ಡ್ರಮ್ಮು ಕುದಿಯಿತು. ಆದರೆ ಎಲ್ಲರೂ ಬ್ರಶ್ಶು ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತರು. ಲೈನಿನಲ್ಲಿ ಕಚೇರಿ ಕಂಡವ ನಾನೊಬ್ಬನೇ.

"ಏನಪಾ ಸರಕಾರದವ್ನ," ಎಂದಳು ಅತ್ತೆ. "ಈ ನಂಬರ್ ಮ್ಯಾಲ ಸುಣ್ಣಾ ಹಚ್ಚಿದ್ರ ನಡೀತೈತೇನು?"

"ನಡೀಲಾರದಕ್ಕೇನತ್ತಿ? ಅವರು ರಜಿಸ್ಟರಿನ್ಯಾಗ ಬರಕೊಂಡು ಹೋಗ್ಯಾರ. ಒಮ್ಮಿ ರಜಿಸ್ಟರಿಗೆ ಹತ್ತಿತಂದ್ರ ಮುಗೀತು. ಗೋಡಿ ಮ್ಯಾಲಿಂದು ಬರೇ ಗುರ್ತು."

ನನ್ನ ಬುದ್ಧಿ ಅಷ್ಟೇ. ಕಾಗದದಲ್ಲಿ ಇರುವುದೇ ಇರುವುದು, ಕಾಗದದಲ್ಲಿ ಇಲ್ಲದ್ದು ಇಲ್ಲ ಎಂದು ಹಗಲೆಲ್ಲ ಕುರ್ಚಿಯಲ್ಲಿ ಕೂತು ಕಲಿತಿದ್ದೆ. ಅಷ್ಟು ಧೈರ್ಯವಾಗಿ ನಾನು ಬೇರೆ ಯಾವ ಮಾತನ್ನೂ ಆಡಿದ ನೆನಪಿಲ್ಲ.

ನಮ್ಮ ಗೋಡೆಗೆ ಬ್ರಶ್ಶು ಹಿಡಿದವನೂ ನಾನೇ. ಮೊದಲ ಸಲ ಬಳಿದಾಗ ಕೆಂಪು ಕರಗಿ ಗುಲಾಬಿಯಾಗಿ ಮೇಲೆ ಬಂತು. ಎರಡನೆಯ ಸಲಕ್ಕೂ ಮೂರರ ಹೊಟ್ಟೆ ಕಾಣುತ್ತಿತ್ತು. ಮೂರನೆಯ ಸಲ ಬಳಿದೆ. ಸಂಜೆಗೆ ಒಣಗಿದಾಗ ಗೋಡೆ ಹಾಲಿನ ಹಾಗಿತ್ತು. "ಈ ಸಲ ನಮ್ಮ ಸಾಲೇ ಗೆದ್ದೈತಿ," ಎಂದು ಅತ್ತೆ ಎದುರು ಸಾಲಿಗೆ ಕೇಳುವಂತೆ ಹೇಳಿದಳು.

ಸುಣ್ಣ ಕಾಣದೆ ಉಳಿದದ್ದು ಒಂದೇ ಮನೆ, ಇಪ್ಪತ್ತೊಂದನೆಯ ನಂಬರಿನದು. ಮಾವನ ಜೊತೆ ಬಾಯ್ಲರಿನಲ್ಲಿದ್ದ ತೆಲುಗಿನ ಮುದುಕರ ಮನೆ ಅದು. ಆಷಾಢದಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಸಾವಾದ ವರ್ಷ ಹಬ್ಬವಿಲ್ಲ, ಸುಣ್ಣವೂ ಇಲ್ಲ. ಮೂವತ್ತೊಂಬತ್ತು ಬಿಳಿ ಮನೆಗಳ ನಡುವೆ ಅದೊಂದು ಮಾತ್ರ ಹೊಗೆ ಹಿಡಿದು ಕಪ್ಪಗೆ, ಎದೆಯ ಮೇಲೆ ಕೆಂಪು ನಂಬರು ಹೊತ್ತು ಕೂತಿತ್ತು.

ಸಾಹೇಬ ಬಂದದ್ದು ಘಟ ಹಾಕಿದ ಐದನೆಯ ದಿನ, ಕ್ಯಾಮೆರಾದವನನ್ನು ಕರೆದುಕೊಂಡು. ಕೈಯಲ್ಲಿ ರಜಿಸ್ಟರು ಇರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು.

"ನಂಬರು ಏದಿ?" ಎಂದ. ಎಲ್ಲಿ, ಎಂದು.

ನಾನು ಮುಂದೆ ಹೋಗಿ, ಹಬ್ಬ ಸಾರ್, ಸುಣ್ಣ ಹಚ್ಚಿದೆವು, ನಿಮ್ಮ ರಜಿಸ್ಟರಿನಲ್ಲಿ ಇದೆಯಲ್ಲ ಎಂದೆ. ಅದರಲ್ಲಿರುವುದು ನಲವತ್ತು ಅನ್ನುವ ಲೆಕ್ಕ ಮಾತ್ರ, ಯಾವ ಮನೆ ಎಂದಾಗಲಿ ಯಾರ ಹೆಸರಾಗಲಿ ಇಲ್ಲ ಎಂದ. ಗೋಡೆಯ ಮೇಲಿನ ನಂಬರು, ಅದರ ಪಕ್ಕ ನಿಂತ ಮನುಷ್ಯ, ಎರಡನ್ನೂ ಸೇರಿಸಿ ಹಿಡಿದ ಫೋಟೋ: ಅದೇ ದಾಖಲೆಯಂತೆ. ಆಮೇಲೆ ಹಿಂದೆ ಸರಿದು ಸಾಲಿನ ಉದ್ದಕ್ಕೂ ಕಣ್ಣಾಡಿಸಿದ.

"ಇವೆಲ್ಲ ಹೊಸ ಮನೆ. ನಂಬರು ಹಾಕಿ ಹೋದ ಮೇಲೆ ಎದ್ದದ್ದು. ಹಳೇದು ಅದೊಂದೇ," ಎಂದು ಇಪ್ಪತ್ತೊಂದರ ಕಡೆ ಕೈ ತೋರಿಸಿದ.

ಅತ್ತೆಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಸಿಟ್ಟು ಬಂದರೆ ಮಾತ್ರ ಕನ್ನಡವೇ.

"ಹೊಸಾ ಮನೀನಾ? ನನ್ನ ತಲೀ ನೋಡೋ ತಮ್ಮಾ! ನಾ ಈ ಹೊಸ್ತಿಲಾ ದಾಟಿ ಒಳಗ ಬಂದಾಗ ಈ ಕೂದ್ಲಾ ಕರ್ರಗಿತ್ತು!"

ಒಳಗೆ ಹೋದಳು. ಘಟದ ಮುಂದಿನ ದೀಪಕ್ಕೆ ಎಣ್ಣೆ ಹಾಕಿ, ತಂಬಿಗೆ ತುಂಬ ನೀರು ತಂದು ಗೋಡೆಗೆ ಎರಚಿದಳು.

ನೆನೆದ ಸುಣ್ಣಕ್ಕೆ ಒಂದು ಗುಣವಿದೆ, ಕೆಳಗಿನದನ್ನು ಮುಚ್ಚಿಡಲಾರದು. ನೀರು ಇಳಿದಲ್ಲೆಲ್ಲ ಬಿಳಿ ಮಸುಕಾಯಿತು, ಒಳಗಿನಿಂದ ಮೂವತ್ತೇಳು ಎದ್ದು ಬಂತು. ಮಾಸಿದ ಗುಲಾಬಿ ಬಣ್ಣ. ಏಳರ ಬಾಲ ಹೊಸ್ತಿಲ ತನಕ.

"ತಗೀರಿ ಫೋಟೋ!" ಎಂದಳು ಅತ್ತೆ, ಗೋಡೆಯ ಪಕ್ಕ ಸೆರಗು ಹೊದ್ದು ನಿಂತು.

ಕ್ಯಾಮೆರಾದವ ಸಾಹೇಬನ ಮುಖ ನೋಡಿದ. ಸಾಹೇಬ, ಇದೇನು ಜಾದೂನಾ ಎಂದು ಹಿಂದಿಯಲ್ಲಿ ಕೇಳಿ ನಕ್ಕ. ಆಶ್ವಯುಜದ ಬಿಸಿಲು ಜೋರಾಗಿತ್ತು. ಅವರು ನಗುವುದು ಮುಗಿಯುವಷ್ಟರಲ್ಲಿ ಏಳು ಹೋಯಿತು, ಆಮೇಲೆ ಮೂರೂ ಹೋಯಿತು. ಅತ್ತೆ ಬಿಳಿ ಗೋಡೆಯ ಪಕ್ಕ ಹಾಗೇ ನಿಂತಿದ್ದಳು. ಅವರು ಇಪ್ಪತ್ತೊಂದರ ಮುಂದೆ ಮುದುಕರನ್ನು ನಿಲ್ಲಿಸಿ ಒಂದು ಫೋಟೋ ಹಿಡಿದು ಜೀಪು ಹತ್ತಿದರು.

ಮರುದಿನ ಮುದುಕರು ನಳದ ಹತ್ತಿರ ಉಳಿದ ಸುಣ್ಣವನ್ನು ಬಕೆಟ್ಟಿಗೆ ಸುರಿದುಕೊಳ್ಳುತ್ತಿದ್ದರು. ಅತ್ತೆ ಓಡಿಹೋಗಿ ಬಕೆಟ್ಟು ಕಸಿದಳು.

"ಏನು ಮಾಡಾಕತ್ತೀ ಅಣ್ಣಾ?"

ನಿಮಗೆಲ್ಲ ಇಲ್ಲದ್ದು ನನಗೊಬ್ಬನಿಗೆ ಯಾಕಮ್ಮಾ ಎಂದರು ಅವರು. ನನ್ನವಳು ಸತ್ತದ್ದಕ್ಕೆ ನನಗೆ ಮನೆ ಸಿಕ್ಕಿದಂತಾಯಿತಲ್ಲ, ಎಂದರು.

"ಅಕ್ಕ ಹೋಗೂ ಮುಂದ ನಿನಗಂತ ಬರದು ಇಟ್ಟು ಹೋಗ್ಯಾಳ ಅನ್ಕೋ. ನಮ್ಮ ಹುಚ್ಚು ನಿನಗೂ ಯಾಕ?" ಎಂದು ಅತ್ತೆ ಬಕೆಟ್ಟನ್ನು ಚರಂಡಿಗೆ ಬೋರಲು ಹಾಕಿದಳು.

ನಾವೇ ಕೆಂಪು ಬಣ್ಣ ತಂದು ಮತ್ತೆ ನಂಬರು ಹಾಕಿಕೊಂಡರೆ ಹೇಗೆ ಎಂದು ಸಾಲಿನಲ್ಲಿ ಮಾತು ಬಂತು. ಬ್ರಶ್ಶು ಮತ್ತೆ ನನ್ನ ಕೈಗೇ ಬಂತು. ಅತ್ತೆ ಒಪ್ಪಲಿಲ್ಲ. "ಸುಳ್ಳ ನಂಬರ್ ಹಾಕ್ಕೊಂಡು ಖರೇ ಮನಿ ಉಳಿಸ್ಕೋಬೇಕೇನು?" ಅವಳು ಬೇಡವೆಂದ ಮೇಲೆ ಉಳಿದವರೂ ಸುಮ್ಮನಾದರು. ಆಗ ಹಾಕಿದ್ದರೆ ಏನಾಗುತ್ತಿತ್ತೋ. ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಮೂವತ್ತೊಂಬತ್ತು ಅರ್ಜಿ ಬರೆದೆ, ದುಂಡಗಿನ ತೆಲುಗು ಅಕ್ಷರದಲ್ಲಿ. "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಆ ಮಾತನ್ನು ನಾನೇ ಎಷ್ಟು ಕಾಗದಗಳಿಗೆ ಬರೆದಿದ್ದೆನೋ. ಅದರ ಅರ್ಥ ಏನೆಂದು ಅತ್ತೆ ಕೇಳಿದಾಗ, ನೋಡಾಕತ್ತಾರ ಅಂತ ಎಂದೆ. ಅವಳು ತಲೆಯಾಡಿಸಿ ಹಿಟ್ಟು ನಾದಿದಳು.

ಸಂಕ್ರಾಂತಿ ಕಳೆದು ಚಿಮಣಿ ಬಿತ್ತು. ಬೀಳುವಾಗ ದೊಡ್ಡ ಸದ್ದಾಗಬಹುದೆಂದು ಕಿವಿ ಮುಚ್ಚಿಕೊಂಡಿದ್ದೆವು. ಆಗಲಿಲ್ಲ, ಮುದುಕ ಮನುಷ್ಯ ಕೂತಂತೆ ಕೂತುಬಿಟ್ಟಿತು. ಅದರ ಬಾಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ಎರಡು ದಿನ ಆ ಖಾಲಿ ಮುಗಿಲಿನಲ್ಲೇ ಸುತ್ತಿದವು, ಇಳಿಯಲು ಜಾಗ ಸಿಗದೆ. ಆ ಎರಡು ದಿನ ಅತ್ತೆ ಹೊರಗೆ ಬರಲೇ ಇಲ್ಲ.

ಶಿವರಾತ್ರಿಯ ಮರುವಾರ ಲೈನಿಗೆ ಮನೆ ಕೆಡವುವ ಯಂತ್ರ ಬಂತು. ಸಾಮಾನು ಹಿಂದಿನ ದಿನವೇ ಮೆಹದಿಪಟ್ಟಣಂನ ಬಾಡಿಗೆ ಕೋಣೆಗೆ ಸಾಗಿಸಿದ್ದೆ. ಎರಡು ಬಕೆಟ್ಟು, ಒಂದು ತಂಬಿಗೆ ಇಲ್ಲೇ ಇರಲಿ ಎಂದಿದ್ದಳು ಅತ್ತೆ. ಯಾಕೆಂದು ನಾನು ಕೇಳಿರಲಿಲ್ಲ. ಬೆಳಗಿನ ಪಾಳಿಯ ಹೊತ್ತಿಗೇ ಎದ್ದು ನನ್ನನ್ನೂ ಕರೆದುಕೊಂಡು ಬಂದಳು.

"ನೀರ ತುಂಬ್ಕೊಂಡು ಬಾ. ಆರಾಕ ಬಿಡಬ್ಯಾಡ."

ನಾನು ನಳದಿಂದ ತರುತ್ತಿದ್ದೆ, ಅವಳು ಎರಚುತ್ತಿದ್ದಳು. ಮೂವತ್ತೇಳು ಎದ್ದಿತು. ಬಿಸಿಲು ಏರಿದಂತೆ ಬೇಗ ಬೇಗ ಆರುತ್ತಿತ್ತು. ಬೇಗ ಬೇಗ ತಂದೆ. ಅಂಗಿ ನೆನೆದು, ಅಂಗೈ ಕೆಂಪಾಯಿತು. ಯಂತ್ರ ಒಂದೊಂದೇ ಮನೆ ಮುಗಿಸುತ್ತ ಬಂದು ಮೂವತ್ತಾರರ ಧೂಳಿನಿಂದ ಹೊರಗೆ ಬಂದು ನಿಂತಿತು. ಓಡಿಸುತ್ತಿದ್ದವ ಸಣ್ಣ ವಯಸ್ಸಿನವ. ಇಳಿದು ಬಂದು ಗೋಡೆ ನೋಡಿದ, ಅತ್ತೆಯನ್ನು ನೋಡಿದ.

"ನಂಬರು ಐತಲ್ಲಮ್ಮಾ ಇದಕ್ಕೆ," ಎಂದ ತೆಲುಗಿನಲ್ಲಿ.

"ಐತಿ," ಎಂದಳು ಅತ್ತೆ. "ಅಷ್ಟ ಅನ್ನು ಸಾಕು. ಯಾರರ ಒಬ್ಬರು ಅಂದ್ರ ಸಾಕಾಗಿತ್ತು."

ಅವನಿಗೆ ಏನು ತಿಳಿಯಿತೋ. ಉಳಿದ ನೀರನ್ನು ಬೊಗಸೆಯಲ್ಲಿ ಇಸಕೊಂಡು ಕುಡಿದು, ಮೇಲೆ ಹತ್ತಿದ. ಗೋಡೆ ಬಿದ್ದಾಗ ಹಸಿಯಾಗಿಯೇ ಇತ್ತು.

ಅತ್ತೆ ಮೆಹದಿಪಟ್ಟಣಂನಲ್ಲಿ ನನ್ನ ಜೊತೆ ಬಹಳ ವರ್ಷ ಇದ್ದಳು. ಪ್ರತಿ ದಸರೆಗೂ ಬಳಿಯುವವರು ಬಂದರೆ ಮೊದಲು ತಾನೇ ಅಂಗೈ ನೆನೆಸಿಕೊಂಡು ಬಾಗಿಲಿನ ಬಲಗಡೆ ಗೋಡೆ ಒರೆಸಿ, ನನ್ನನ್ನು ಕರೆಯುತ್ತಿದ್ದಳು. ಕಣ್ಣು ಮಂಜಾಗಿತ್ತು ಅವಳಿಗೆ.

"ನೋಡೋ, ಏನರ ಬರದಾರೇನು?"

"ಇಲ್ಲತ್ತಿ."

"ಛಲೋ ನೋಡು."

ಅವಳು ಹೋದ ಮೇಲೂ ನೋಡುತ್ತೇನೆ. ಕಳೆದ ತಿಂಗಳು ಹಾಲಿನ ಅಂಗಡಿಯ ಮುಂದೆ ಇಬ್ಬರು ರಸ್ತೆಗೆ ಅಡ್ಡಲಾಗಿ ಟೇಪು ಹಿಡಿದು ನಿಂತಿದ್ದರು. ಯಾತಕ್ಕೆ ಎಂದು ಕೇಳಿದೆ. ಸುಮ್ಮನೆ ಅಳತೆ ಎಂದರು. ಈ ದಸರೆಗೆ ಮನೆಗೆ ಸುಣ್ಣ ಬೇಡವೆಂದು ಹೇಳಿಬಿಟ್ಟಿದ್ದೇನೆ.